ಹಳೆಯ ಎಫ್-100 ಪಿಕಪ್‌ನ ಮೀಟರ್‌ಗಳಿಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್: ಎರಡು ಚಳಿಗಾಲ ಬಳಸಿದ ಮೇಲೆ

ಅಮೆರಿಕದ ಮಿಷಿಗನ್‌ನಲ್ಲಿ ನಾನು ಓಡಿಸುತ್ತಿರುವ 1978ರ ಫೋರ್ಡ್ ಎಫ್-100 ಪಿಕಪ್‌ನ ಡ್ಯಾಶ್‌ಬೋರ್ಡ್ ಹಿಂದೆ, ಮೀಟರ್ ಬೋರ್ಡಿನ ಬೆನ್ನಿಗೆ ಕಚ್ಚಿಕೊಂಡಂತೆ, ಬೆಂಕಿಪೊಟ್ಟಣದಷ್ಟೇ ಇರುವ ಒಂದು ತಗಡಿನ ಡಬ್ಬಿ ಇರುತ್ತದೆ. ಪೆಟ್ರೋಲ್, ಎಂಜಿನ್ ಶಾಖ ಮತ್ತು ಆಯಿಲ್ ಒತ್ತಡ ತೋರಿಸುವ ಮೂರು ಮೀಟರ್‌ಗಳಿಗೂ ವಿದ್ಯುತ್ ಕೊಡುವುದು ಇದೊಂದೇ. ಕಾರ್ಖಾನೆಯಿಂದ ಬಂದ ಆ ಡಬ್ಬಿಯ ಬದಲಿಗೆ ಅದೇ ಅಳತೆಯ, ಆದರೆ ಒಳಗೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿರುವ ರೆಗ್ಯುಲೇಟರ್ ಒಂದನ್ನು 42 ಡಾಲರ್ ಕೊಟ್ಟು ತರಿಸಿ ಹಾಕಿಕೊಂಡು ಎರಡು ಚಳಿಗಾಲ ಕಳೆದಿವೆ. ವಸ್ತು ಒಳ್ಳೆಯದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅದರ ಜಾಹೀರಾತಿನಲ್ಲಿರುವ ಒಂದು ಮಾತು ನಿಜವಲ್ಲ, ಮತ್ತು ಜೊತೆಗೆ ಬಂದ ಸೂಚನಾ ಚೀಟಿಯನ್ನು ಮಾತ್ರ ನಂಬಿದವರು ನನ್ನಂತೆಯೇ ಮತ್ತೊಮ್ಮೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದೀತು. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಇಂತಹ ರೆಗ್ಯುಲೇಟರ್‌ಗಳನ್ನು ಹಲವರು ಮಾರುತ್ತಾರೆ ಮತ್ತು ನಾನು ಹೇಳುವುದರಲ್ಲಿ ಬಹುಪಾಲು ಎಲ್ಲಕ್ಕೂ ಅನ್ವಯಿಸುತ್ತದೆ.

ಆ ಡಬ್ಬಿಯ ಕೆಲಸವೇನೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಹೊಸದರ ಗುಣದೋಷ ತಿಳಿಯುವುದಿಲ್ಲ. ಫೋರ್ಡ್ ಕಂಪನಿ 1956ರಲ್ಲಿ 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಾಯಿತು. ಆದರೆ 12 ಎಂಬುದು ಬರಿಯ ಹೆಸರು. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ 12ರ ಆಸುಪಾಸಿನಲ್ಲಿದ್ದದ್ದು ಆಲ್ಟರ್ನೇಟರ್ ತಿರುಗತೊಡಗಿದ ಮೇಲೆ 14 ದಾಟುತ್ತದೆ. ಈ ಪಿಕಪ್‌ನ ಮೀಟರ್‌ಗಳು ಶಾಖದಿಂದ ಕೆಲಸ ಮಾಡುವಂಥವು: ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದರ ಸುತ್ತ ತೆಳು ತಂತಿ ಸುತ್ತಿರುತ್ತದೆ, ತಂತಿ ಬಿಸಿಯಾದಷ್ಟೂ ಪಟ್ಟಿ ಬಾಗುತ್ತದೆ, ಬಾಗಿದಷ್ಟೂ ಮುಳ್ಳು ಮೇಲೇರುತ್ತದೆ. ಇವುಗಳಿಗೆ ಬ್ಯಾಟರಿಯಿಂದ ನೇರ ಸಂಪರ್ಕ ಕೊಟ್ಟರೆ ಟ್ಯಾಂಕಿನಲ್ಲಿ ಪೆಟ್ರೋಲ್ ಅಷ್ಟೇ ಇದ್ದರೂ ಎಂಜಿನ್ ವೇಗಕ್ಕೆ ತಕ್ಕಂತೆ ಮುಳ್ಳು ಏರಿಳಿಯುತ್ತದೆ. ಆದ್ದರಿಂದ ಮಧ್ಯದಲ್ಲಿ ಒಂದು ರೆಗ್ಯುಲೇಟರ್ ಇಟ್ಟು ಸರಾಸರಿ 5 ವೋಲ್ಟ್ ಬರುವಂತೆ ಮಾಡಿದರು.

ಸರಾಸರಿ ಎಂದೇ ಹೇಳಬೇಕು, ಏಕೆಂದರೆ ಹಳೆಯ ಡಬ್ಬಿಯಿಂದ 5 ವೋಲ್ಟ್ ಒಂದು ಕ್ಷಣವೂ ಹೊರಬರುವುದಿಲ್ಲ. ಅದರೊಳಗೂ ಅಂಥದ್ದೇ ಬಾಗುವ ಪಟ್ಟಿ, ಅದರ ತುದಿಯಲ್ಲಿ ಒಂದು ಜೊತೆ ಕಾಂಟ್ಯಾಕ್ಟ್ ಪಾಯಿಂಟ್‌ಗಳು. ಪಾಯಿಂಟ್ ಕೂಡಿದಾಗ ಪೂರ್ತಿ 12 ವೋಲ್ಟ್ ಹರಿಯುತ್ತದೆ, ಪಟ್ಟಿ ಬಿಸಿಯಾಗಿ ಬಾಗಿ ಪಾಯಿಂಟ್ ಬಿಡಿಸುತ್ತದೆ, ತಣ್ಣಗಾಗಿ ಮತ್ತೆ ಕೂಡುತ್ತದೆ. ಹೀಗೆ ಹೊತ್ತಿ ಆರುವ ಪ್ರವಾಹವೇ ಮೀಟರ್‌ಗಳಿಗೆ ಹೋಗುತ್ತದೆ. ಮೀಟರ್‌ಗಳು ತಾವೇ ನಿಧಾನವಾಗಿ ಬಿಸಿಯಾಗುವಂಥವಾದ್ದರಿಂದ ಈ ಮಿಡಿತ ಅವುಗಳಿಗೆ ತಟ್ಟುವುದಿಲ್ಲ. ಕೆಲವೇ ಸೆಂಟ್‌ಗಳ ತಗಡು ಮತ್ತು ತಂತಿಯಲ್ಲಿ ಇಷ್ಟನ್ನು ಸಾಧಿಸಿದವರ ಬುದ್ಧಿವಂತಿಕೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಪಾಯಿಂಟ್‌ಗಳು ಸುಟ್ಟು ಬಿಟ್ಟುಕೊಂಡರೆ ಮೂರೂ ಮೀಟರ್ ಒಮ್ಮೆಗೇ ಸತ್ತಂತಾಗುತ್ತವೆ; ಇದರಿಂದ ಮೀಟರ್‌ಗಳಿಗೆ ಹಾನಿಯೇನೂ ಇಲ್ಲ. ಪಾಯಿಂಟ್‌ಗಳು ಅಂಟಿಕೊಂಡರೆ, ಅಥವಾ ಡಬ್ಬಿಗೆ ಅರ್ಥ್, ಅಂದರೆ ಗಾಡಿಯ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸಿಗದೆ ಒಳಗಿನ ಪಟ್ಟಿ ಬಿಸಿಯೇ ಆಗದಿದ್ದರೆ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರ್‌ಗಳ ಮೇಲೆ ನಿಲ್ಲುತ್ತದೆ. ಆಗ ಮೂರೂ ಮುಳ್ಳುಗಳು ಒಟ್ಟಿಗೆ ಮೇಲೇರಿ ಅಂಚಿಗೆ ತಾಗಿ ನಿಲ್ಲುತ್ತವೆ, ಹಾಗೆಯೇ ಬಿಟ್ಟರೆ ಒಳಗಿನ ತಂತಿ ಸುಡುತ್ತದೆ. ಅದೇ ಬೋರ್ಡಿನಲ್ಲಿರುವ ಆಂಪಿಯರ್ ಮೀಟರ್ ಈ ಡಬ್ಬಿಯ ಹಂಗಿನಲ್ಲಿಲ್ಲವಾದ್ದರಿಂದ ಅದು ಮಾತ್ರ ತನ್ನ ಪಾಡಿಗೆ ತಾನಿರುತ್ತದೆ. ಮೂರು ಕೆಟ್ಟು ಒಂದು ಚೆನ್ನಾಗಿದ್ದರೆ ಸಂಶಯವನ್ನು ರೆಗ್ಯುಲೇಟರ್ ಕಡೆಗೆ ತಿರುಗಿಸಬಹುದು.

ನನ್ನ ಗಾಡಿಯಲ್ಲಿ ಆದದ್ದೂ ಇದೇ. ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದ ಒಂದು ನಿಮಿಷದೊಳಗೆ ಟ್ಯಾಂಕ್ ತುಂಬಿದೆಯೆಂದೂ ಎಂಜಿನ್ ಕುದಿಯುತ್ತಿದೆಯೆಂದೂ ಮೀಟರ್‌ಗಳು ಒಟ್ಟಿಗೆ ಸಾರತೊಡಗಿದವು. ಗುಂಡಿಯೊಂದನ್ನು ಹಾದು ಗಾಡಿ ಕುಲುಕಿದರೆ ಮೂರೂ ತಟ್ಟನೆ ಇಳಿಯುತ್ತಿದ್ದವು. ಆ ಕುಲುಕಿನಲ್ಲೇ ಉತ್ತರವಿತ್ತು, ನಾನು ಗಮನಿಸಲಿಲ್ಲ. ಬಿಡಿಭಾಗಗಳ ಅಂಗಡಿಯೊಂದರಿಂದ 15 ಡಾಲರಿನ ಹೊಸ ರೆಗ್ಯುಲೇಟರ್ ತಂದೆ. ಅದು ಹಳೆಯ ಮಾದರಿಯಲ್ಲೇ, ಪಾಯಿಂಟ್‌ಗಳಿಂದಲೇ ಕೆಲಸ ಮಾಡುವಂಥದ್ದು. ಮೂರು ವಾರ ಎಲ್ಲವೂ ಸರಿಯಿತ್ತು, ನಾಲ್ಕನೆಯ ವಾರ ಮುಳ್ಳುಗಳು ಮತ್ತೆ ಒಟ್ಟಿಗೆ ಎದ್ದು ನಿಂತವು. ಆಗ ಕೋಪದಲ್ಲಿ ತರಿಸಿದ್ದು ಈ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಅಗ್ಗದ ಡಬ್ಬಿಯನ್ನು ನಾನು ಬೈದದ್ದು ಅನ್ಯಾಯವೆಂದು ತಿಳಿದದ್ದು ಎರಡನೆಯ ಸಲ ಬಿಚ್ಚಿದಾಗ.

ಬಿಚ್ಚುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ವಸ್ತುವಿನ ನಿಜವಾದ ಬೆಲೆ 42 ಡಾಲರಲ್ಲ, ಅದನ್ನು ಕೂರಿಸಲು ಬೇಕಾಗುವ ಅರ್ಧ ದಿನ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದಿಡಬೇಕು. ಡ್ಯಾಶ್‌ಬೋರ್ಡ್ ಹಿಂದೆ ಕೀ ತಿರುಗಿಸದಿದ್ದರೂ ಜೀವಂತವಾಗಿರುವ ತಂತಿಗಳಿವೆ. ಪಿಕಪ್‌ನ ಉದ್ದನೆಯ ಸೀಟನ್ನು ಬೋಲ್ಟ್ ಬಿಚ್ಚಿ ಹೊರಗಿಟ್ಟರೆ ಬೆನ್ನು ಉಳಿಯುತ್ತದೆ. ಮೊದಲ ಸಲ ನಾನು ಹಾಗೆ ಮಾಡದೆ, ಸೀಟಿನ ಬೆನ್ನಿಗೆ ಕಾಲು ಕೊಟ್ಟು, ತಲೆಯನ್ನು ಕ್ಲಚ್ ಪೆಡಲಿನ ಪಕ್ಕಕ್ಕೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿದ್ದೆ. ಮಾರನೆಯ ದಿನ ಕತ್ತು ತಿರುಗಲಿಲ್ಲ.

ಹೆಡ್‌ಲೈಟ್ ಗುಬುಟು ಎಳೆದರೆ ಬರುವುದಿಲ್ಲ. ಅದನ್ನು ಪೂರ್ತಿ ಹೊರಕ್ಕೆಳೆದು, ಅಂದರೆ ದೀಪ ಹಾಕುವ ಸ್ಥಿತಿಗೆ ತಂದು, ಡ್ಯಾಶ್‌ಬೋರ್ಡ್ ಕೆಳಗಿನಿಂದ ಕೈ ಹಾಕಿ ಸ್ವಿಚ್ಚಿನ ಮೈಮೇಲಿರುವ ಪುಟ್ಟ ಗುಂಡಿಯೊಂದನ್ನು ಒತ್ತಿದರೆ ಗುಬುಟು ತನ್ನ ಸರಳಿನ ಸಮೇತ ಜಾರಿ ಬರುತ್ತದೆ. ಇದು ಗೊತ್ತಿಲ್ಲದವರು ಇಕ್ಕಳ ಹಾಕಿ ಎಳೆದು ಮುರಿದಿರುವ ಗಾಡಿಗಳು ಎಷ್ಟೋ ಇವೆ. ಆಮೇಲೆ ಮೀಟರ್ ಬೋರ್ಡಿನ ಮುಂದಿನ ಪ್ಲಾಸ್ಟಿಕ್ ಚೌಕಟ್ಟು. ಸ್ಕ್ರೂ ಬಿಚ್ಚುವುದು ಸುಲಭ, ಆದರೆ ನಾಲ್ಕು ದಶಕ ಬಿಸಿಲು ಕಂಡ ಪ್ಲಾಸ್ಟಿಕ್ ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಗ್ಯಾರೇಜನ್ನು ಒಂದು ಗಂಟೆ ಬೆಚ್ಚಗೆ ಮಾಡಿಕೊಂಡು ಕೆಲಸಕ್ಕಿಳಿಯುವುದು ವಾಸಿ. ನನ್ನ ಚೌಕಟ್ಟಿನ ಎಡಮೂಲೆಯ ಬಿರುಕು ಆ ಒಂದು ಗಂಟೆ ಕಾಯದಿದ್ದುದರ ಗುರುತು.

ಬೋರ್ಡಿನ ಸ್ಕ್ರೂಗಳನ್ನು ತೆಗೆದು ಮುಂದಕ್ಕೆಳೆದರೆ ಅದು ಎರಡು ಬೆರಳಿನಷ್ಟು ಬಂದು ನಿಂತುಬಿಡುತ್ತದೆ. ಹಿಡಿದಿರುವುದು ಸ್ಪೀಡೋಮೀಟರ್ ಕೇಬಲ್. ಅದರ ತುದಿಯಲ್ಲಿರುವ ಪ್ಲಾಸ್ಟಿಕ್ ನಾಲಗೆಯನ್ನು ಒತ್ತಿ ಹಿಂದಕ್ಕೆ ಜಾರಿಸಬೇಕು, ಆದರೆ ನಾಲಗೆ ಕಣ್ಣಿಗೆ ಬೀಳುವುದಿಲ್ಲ. ಕೈಗೆ ಸಿಕ್ಕಿದ್ದನ್ನು ತಡಕಿ ತಿಳಿದುಕೊಳ್ಳಬೇಕು. ಎಂಜಿನ್ ಕಡೆಯಿಂದ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯ ರಂಧ್ರದ ಮೂಲಕ ಕೇಬಲನ್ನು ಸ್ವಲ್ಪ ಒಳಕ್ಕೆ ತಳ್ಳಿಕೊಂಡರೆ ಇಷ್ಟು ಒದ್ದಾಟವಿರುವುದಿಲ್ಲ. ಇದನ್ನು ನನಗೆ ಯಾವ ಚೀಟಿಯೂ ಹೇಳಲಿಲ್ಲ, ತಗಡಿನ ಅಂಚು ಮುಂಗೈ ಮೇಲೆ ಎಳೆದ ಗೀರುಗಳು ಹೇಳಿದವು. ಇನ್ನು ಉಳಿಯುವುದು ಹಿಂದಿನ ದೊಡ್ಡ ಪ್ಲಗ್. ಅದನ್ನು ಅತ್ತಿತ್ತ ಅಲುಗಾಡಿಸದೆ ನೇರವಾಗಿ ಎಳೆಯಬೇಕು.

ನೇರವಾಗಿ ಏಕೆಂದರೆ, ಬೋರ್ಡಿನ ಬೆನ್ನಲ್ಲಿ ತಂತಿಗಳಿಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿವೆ. ಪ್ಲಗ್ ಅಲುಗಿದರೆ ತಾಮ್ರ ಹಾಳೆಯಿಂದ ಸಿಪ್ಪೆಯಂತೆ ಏಳುತ್ತದೆ. ನನ್ನ ಗಾಡಿಯಲ್ಲಿ ಅರ್ಥ್‌ನ ಗೆರೆಯೇ ಪ್ಲಗ್ಗಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗಾಡಿ ಕುಲುಕಿದಾಗ ಬಿರುಕು ಕೂಡಿ ಮುಳ್ಳುಗಳು ಇಳಿಯುತ್ತಿದ್ದುದು, ಚಳಿಗೆ ಸಂಕೋಚಗೊಂಡಾಗ ಬಿಟ್ಟುಕೊಂಡು ಏರುತ್ತಿದ್ದುದು ಇದರಿಂದಲೇ. ಬೆಂಗಳೂರಿನ ಜೆ.ಸಿ. ರಸ್ತೆಯ ಆಟೊ ಎಲೆಕ್ಟ್ರಿಷಿಯನ್‌ಗಳ ಬಳಿ ಯಾವ ದೂರು ಒಯ್ದರೂ ಮೊದಲು ಬರುವ ಮಾತು "ಮೊದ್ಲು ಅರ್ಥ್ ನೋಡಿ ಸಾರ್" ಎಂಬುದು. ಅದನ್ನು ಕೇಳಿಕೊಂಡೇ ಬೆಳೆದವನು ಎರಡು ರೆಗ್ಯುಲೇಟರ್‌ಗಳಿಗೆ ಹಣ ಸುರಿದ ಮೇಲೆ ಅರ್ಥ್ ನೋಡಿದೆ.

ಜಾಹೀರಾತಿನ ಮಾತಿಗೆ ಈಗ ಬರಬಹುದು. ಈ ರೆಗ್ಯುಲೇಟರ್ ಹಾಕಿದರೆ ಮೀಟರ್‌ಗಳು ಮುಂದೆಂದೂ ಸುಡುವುದಿಲ್ಲ ಎಂಬ ಅರ್ಥದ ವಾಕ್ಯವೊಂದು ಪೊಟ್ಟಣದ ಮೇಲಿದೆ. ಡಬ್ಬಿಯನ್ನು ತೆರೆದು ನೋಡಿದೆ: ಒಳಗಿರುವುದು 7805 ಎಂಬ ಮೂರು ಕಾಲಿನ ಸಾಮಾನ್ಯ ಐಸಿ, ಎರಡು ಕೆಪಾಸಿಟರ್, ಒಂದು ಡಯೋಡ್. ಒಂದು ಕಾಲಿಗೆ ಬ್ಯಾಟರಿ, ಒಂದರಿಂದ 5 ವೋಲ್ಟ್, ನಡುವಿನದಕ್ಕೆ ಅರ್ಥ್. ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗರು ಮೊದಲ ವರ್ಷವೇ ಕೈಯಲ್ಲಿ ಹಿಡಿಯುವ ವಸ್ತುವಿದು, ನಂಬಲರ್ಹವಾದದ್ದೂ ಹೌದು. ಆದರೆ ನಡುವಿನ ಕಾಲಿಗೆ ಅರ್ಥ್ ತಪ್ಪಿದರೆ ಇದೂ 5 ವೋಲ್ಟ್‌ಗೆ ನಿಲ್ಲದೆ ಬ್ಯಾಟರಿಯ ವೋಲ್ಟೇಜಿನ ಹತ್ತಿರಕ್ಕೆ ಏರುತ್ತದೆ. ಅಂದರೆ ಹಳೆಯ ಡಬ್ಬಿ ಯಾವ ಕಾರಣಕ್ಕೆ ಮೀಟರ್ ಸುಡಬಲ್ಲದೋ ಅದೇ ಕಾರಣಕ್ಕೆ ಇದೂ ಸುಡಬಲ್ಲದು. ತೆಗೆದುಹಾಕಿರುವುದು ಪಾಯಿಂಟ್ ಅಂಟಿಕೊಳ್ಳುವ ಅಪಾಯವನ್ನು ಮಾತ್ರ. ಇಷ್ಟಾದರೂ ಅರ್ಥ್‌ಗಾಗಿ ಒಂದು ಪ್ರತ್ಯೇಕ ತಂತಿಯನ್ನು ಕೊಡದೆ, ಡಬ್ಬಿಯನ್ನು ಬೋರ್ಡಿಗೆ ಹಿಡಿಯುವ ಒಂದೇ ಸ್ಕ್ರೂವನ್ನು ನೆಚ್ಚಿಕೊಂಡಿರುವುದನ್ನು ನಾನು ಈ ವಸ್ತುವಿನ ದೊಡ್ಡ ಕೊರತೆ ಎನ್ನುತ್ತೇನೆ. ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್‌ನಲ್ಲಿ ತುಕ್ಕು ಹಿಡಿಯದ ಸ್ಕ್ರೂ ಸಿಗುವುದೇ ಅಪರೂಪ.

ನಾನು ಮಾಡಿಕೊಂಡ ಪರಿಹಾರ ಸರಳವಾದದ್ದು. ಆ ಸ್ಕ್ರೂವಿನ ಕೆಳಗೆ ಉಂಗುರದ ತುದಿಯಿರುವ ಕಪ್ಪು ತಂತಿಯೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಣ್ಣ ಕೆರೆದು ಹೊಳಪು ತಂದ ಡ್ಯಾಶ್‌ಬೋರ್ಡ್ ತಗಡಿಗೆ ಬಿಗಿದೆ. ಬಿರುಕು ಬಿಟ್ಟ ತಾಮ್ರದ ಗೆರೆಯ ಮೇಲೂ ತೆಳು ತಂತಿಯ ಸೇತುವೆ ಹಾಕಿ ಬೆಸುಗೆ ಹಚ್ಚಿದೆ. ಐರನ್ ಎರಡು ಕ್ಷಣಕ್ಕಿಂತ ಹೆಚ್ಚು ನಿಂತರೆ ಹಾಳೆ ಕರಗುವುದರಿಂದ, ತಂತಿಗೂ ಗೆರೆಗೂ ಮೊದಲೇ ತವರ ಲೇಪಿಸಿಟ್ಟುಕೊಂಡಿದ್ದೆ. ಉಳಿದ ಗೆರೆಗಳ ಕಿಲುಬನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸಾಕು, ಉಪ್ಪುಕಾಗದ ಬೇಡ. ಪೂರ್ತಿ ಹೊಸ ಹಾಳೆಯನ್ನೇ ಒಂದು ಕಡೆಯಿಂದ ತರಿಸಿ ನೋಡಿದ್ದೆ; ರಂಧ್ರಗಳು ಹೊಂದಿಕೆಯಾಗದೆ ವಾಪಸ್ ಕಳಿಸಿದೆ.

ರೆಗ್ಯುಲೇಟರ್ ಹಾಳೆಗೆ ಸೇರುವುದು ಟಿಚ್ ಬಟನ್‌ಗಳ ಮೂಲಕ, 9 ವೋಲ್ಟ್ ಬ್ಯಾಟರಿಯ ತಲೆಯ ಮೇಲಿರುವಂಥವೇ. ಹೊಸದರ ಬಟನ್‌ಗಳು ಹಳೆಯವಕ್ಕಿಂತ ಬಿಗಿಯಾಗಿ ಕೂಡುತ್ತವೆ. ಈ ವಿಷಯದಲ್ಲಿ ತಯಾರಕರಿಗೆ ಪೂರ್ತಿ ಅಂಕ ಕೊಡಬೇಕು. ಡಬ್ಬಿಯ ತಗಡೂ ದಪ್ಪವಾಗಿದೆ ಮತ್ತು ಐಸಿಯ ಲೋಹದ ಬೆನ್ನನ್ನು ಅದಕ್ಕೆ ಬೋಲ್ಟ್ ಮಾಡಿದ್ದಾರೆ. ಇದು ಬರಿಯ ಅಂದಕ್ಕಲ್ಲ. 14 ವೋಲ್ಟನ್ನು 5ಕ್ಕಿಳಿಸುವಾಗ ಮಿಕ್ಕ 9 ವೋಲ್ಟ್ ಶಾಖವಾಗಿಯೇ ಹೋಗಬೇಕು. ಮೂರೂ ಮೀಟರ್ ಪೂರ್ತಿ ಮೇಲಿದ್ದರೆ ಒಂದೊಂದೂ ಸುಮಾರು 0.2 ಆಂಪಿಯರ್ ಎಳೆಯುತ್ತದೆ, ಒಟ್ಟು 0.6ಕ್ಕೆ ಐದೂವರೆ ವಾಟ್ ಆಗುತ್ತದೆ. ಇದನ್ನು ಆ ಚಿಕ್ಕ ಐಸಿ ಒಂಟಿಯಾಗಿ ತಾಳಲಾರದು, ತಗಡು ಹಂಚಿಕೊಳ್ಳಬೇಕು. ಸಾಮಾನ್ಯ ಓಡಾಟದಲ್ಲಿ ಮುಳ್ಳುಗಳು ನಡುವೆ ಇರುವುದರಿಂದ ಮೂರು ವಾಟ್‌ಗಿಂತ ಹೆಚ್ಚಾಗುವುದಿಲ್ಲ. ಅರ್ಧ ಗಂಟೆ ಓಡಿಸಿ ಕೂಡಲೇ ಮುಟ್ಟಿ ನೋಡಿದಾಗ ಬೆರಳನ್ನು ಐದು ಎಣಿಸುವವರೆಗೆ ಇಡಬಹುದಾದಷ್ಟು ಬಿಸಿಯಿತ್ತು. ಅಗ್ಗದ ಕೆಲವು ರೆಗ್ಯುಲೇಟರ್‌ಗಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ. ಕೊಳ್ಳುವಾಗ ಇದೊಂದನ್ನು ನೋಡಿಕೊಳ್ಳಿ.

ಕೂರಿಸುವ ಮೊದಲು ಮೇಜಿನ ಮೇಲೆಯೇ ಬೋರ್ಡಿಗೆ ಬ್ಯಾಟರಿ ಕೊಟ್ಟು ಪರೀಕ್ಷಿಸಿದೆ. ಮಲ್ಟಿಮೀಟರ್ 5.02 ತೋರಿಸಿ ಅಲ್ಲಿಯೇ ನಿಂತಿತು. ಹಳೆಯದಕ್ಕೆ ಇದೇ ಮಲ್ಟಿಮೀಟರ್ ಹಿಡಿದರೆ ಸೊನ್ನೆಗೂ ಹನ್ನೆರಡಕ್ಕೂ ನಡುವೆ ಅಂಕಿಗಳು ಕುಣಿಯುತ್ತಿದ್ದವು, ಅದು ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳಲಾಗುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ವಸ್ತುವಿನ ನಿಜವಾದ ಉಪಯೋಗ ಇದೇ. 5 ವೋಲ್ಟ್ ಅಲುಗದೆ ನಿಂತಿದೆಯೆಂದು ಖಾತ್ರಿಯಾದ ಮೇಲೆ ಉಳಿದ ತಪ್ಪುಗಳನ್ನು ಒಂದೊಂದಾಗಿ ಹಿಡಿಯಬಹುದು. ಆ ಕಾಲದ ಫೋರ್ಡ್ ಟ್ಯಾಂಕಿನ ಸೆಂಡರ್, ಅಂದರೆ ಪೆಟ್ರೋಲ್ ಮಟ್ಟಕ್ಕೆ ತಕ್ಕಂತೆ ತನ್ನ ರೋಧ ಬದಲಿಸಿ ಮೀಟರ್‌ಗೆ ತಿಳಿಸುವ ಭಾಗ, ಟ್ಯಾಂಕ್ ತುಂಬಿದಾಗ ಸುಮಾರು 10 ಓಮ್, ಖಾಲಿಯಾದಾಗ 73 ಓಮ್ ತೋರಿಸುತ್ತದೆ. ಸೆಂಡರ್ ಬದಲಿಗೆ 10 ಓಮ್ ರೆಸಿಸ್ಟರ್ ಕೊಟ್ಟೆ. ಮುಳ್ಳು ಅರ್ಧ ನಿಮಿಷ ತೆಗೆದುಕೊಂಡು ಸರಿಯಾಗಿ 'ಎಫ್' ಗೆರೆಗೆ ಬಂತು. 68 ಮತ್ತು 4.7 ಓಮ್‌ಗಳನ್ನು ಸಾಲಾಗಿ ಸೇರಿಸಿದರೆ 72.7 ಆಗುತ್ತದೆ, ಅದಕ್ಕೆ 'ಇ' ಗೆರೆಗಿಳಿಯಿತು. ಪುಸ್ತಕಗಳಲ್ಲಿ ಸೆಂಡರ್ ತಂತಿಯನ್ನು ನೇರವಾಗಿ ಅರ್ಥ್‌ಗೆ ಮುಟ್ಟಿಸಿ ನೋಡಲು ಹೇಳುವುದುಂಟು. ಹಾಗೆ ಮಾಡಿದರೆ ಮೀಟರ್ ಮೇಲೆ ಅಳತೆ ಮೀರಿದ ಭಾರ ಬೀಳುತ್ತದೆ. ಒಂದು ವಾಟ್ ತಾಳುವ ರೆಸಿಸ್ಟರ್‌ಗೆ ಒಂದು ಡಾಲರ್ ಕೂಡ ಆಗುವುದಿಲ್ಲ.

ಮುಳ್ಳು ಅರ್ಧ ನಿಮಿಷ ತೆಗೆದುಕೊಂಡಿತೆಂದದ್ದನ್ನು ಓದಿ ಕೆಲವರಿಗೆ ನಿರಾಸೆಯಾಗಬಹುದು. ಎಲೆಕ್ಟ್ರಾನಿಕ್ ಹಾಕಿದ ಮೇಲೂ ಮೀಟರ್‌ಗಳು ಹಳೆಯವೇ, ಬಿಸಿಯಾಗಿಯೇ ಏಳಬೇಕು. ಹೊಸ ಕಾರುಗಳಂತೆ ಕೀ ತಿರುಗಿಸಿದೊಡನೆ ಮುಳ್ಳು ನೆಗೆಯುವುದಿಲ್ಲ. ಸುಟ್ಟುಹೋದ ಮೀಟರನ್ನೂ ಇದು ಬದುಕಿಸುವುದಿಲ್ಲ. ಎಂಜಿನ್ ಶಾಖದ ಮೀಟರ್ ಮಾತ್ರ ಹೊಸ ರೆಗ್ಯುಲೇಟರ್ ಬಂದ ಮೇಲೆ ತೀರಾ ಕೆಳಗೆ ನಿಲ್ಲತೊಡಗಿತು. ಹಿಂದೆ ಹೆಚ್ಚಿನ ವೋಲ್ಟೇಜ್ ಮುಚ್ಚಿಟ್ಟಿದ್ದ ತಪ್ಪೊಂದು ಈಗ ಹೊರಬಿದ್ದಿತ್ತು: ಎಂಜಿನ್‌ಗೆ ತಿರುಪಿದ ಶಾಖದ ಸೆಂಡರ್ ಸೋರದಿರಲೆಂದು ಅದರ ತಿರುಪಿನ ಎಳೆಗಳಿಗೆ ನಾನೇ ಸುತ್ತಿದ್ದ ಟೆಫ್ಲಾನ್ ಟೇಪ್ ಅದಕ್ಕೆ ಎಂಜಿನ್ ಮೈಯಿಂದ ಅರ್ಥ್ ಸಿಗದಂತೆ ಮಾಡಿತ್ತು. ಟೇಪ್ ಬಿಚ್ಚಿ ಬಿಗಿದೆ, ಮುಳ್ಳು ನಡುವಿಗೆ ಬಂತು. ಇದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿ ಬರಲಿಲ್ಲವೆಂಬುದೇ ಸಮಾಧಾನ.

ನಿರೀಕ್ಷಿಸದ ಲಾಭವೂ ಒಂದಿದೆ. ಹಳೆಯ ಡಬ್ಬಿಯ ಪಾಯಿಂಟ್‌ಗಳು ಕೂಡಿ ಬಿಡುವಾಗ ಕಿಡಿಯೇಳುತ್ತದೆ, ಆ ಕಿಡಿ ರೇಡಿಯೊದಲ್ಲಿ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಅದನ್ನು ತಡೆಯಲು ಫೋರ್ಡ್‌ನವರು ಒಂದು ಸುರುಳಿ ಹಾಕಿದ್ದರು. ನನ್ನ ಗಾಡಿಯಲ್ಲಿ ಹಿಂದಿನ ಮಾಲೀಕರು ಯಾರೋ ಅದನ್ನು ಕಿತ್ತು ತಂತಿಯನ್ನು ನೇರ ಮಾಡಿದ್ದರು. ಈಗ ಡೆಟ್ರಾಯ್ಟ್‌ನ 760 ಎಎಂ ಕೇಂದ್ರದ ಸುದ್ದಿ ಟಿಕ್ ಇಲ್ಲದೆ ಕೇಳುತ್ತದೆ.

ಇನ್ನು ಸೂಚನಾ ಚೀಟಿ. ಒಂದು ಬದಿಯಲ್ಲಿ ಐದು ಸಾಲು, ಇನ್ನೊಂದು ಬದಿಯಲ್ಲಿ ಕಂಪನಿಯ ಇತರ ಸಾಮಾನುಗಳ ಚಿತ್ರ. "ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ" ಎಂಬುದು ಮೂರನೆಯ ಸಾಲು. ಬೋರ್ಡನ್ನು ಹೊರತೆಗೆಯುವ ಕ್ರಮವಿಲ್ಲ, ಹಾಳೆಯನ್ನು ಪರೀಕ್ಷಿಸಲು ಹೇಳಿಲ್ಲ, ಅರ್ಥ್ ಎಂಬ ಪದವೇ ಅದರಲ್ಲಿಲ್ಲ. 42 ಡಾಲರ್ ಪಡೆಯುವವರು ಒಂದು ಗೇಣು ಕಪ್ಪು ತಂತಿಯನ್ನೂ ಎರಡು ಸಾಲು ಎಚ್ಚರಿಕೆಯನ್ನೂ ಸೇರಿಸಬಹುದಿತ್ತು. ಈ ಬಗ್ಗೆ ಅವರಿಗೆ ಬರೆದೆ. "ಸಲಹೆಗೆ ಧನ್ಯವಾದ" ಎಂಬ ಉತ್ತರ ಬಂತು. ರೆಗ್ಯುಲೇಟರ್‌ಗೆ ಹೋಗುವ ದಾರಿಯಲ್ಲಿ ಅದಕ್ಕೇ ಮೀಸಲಾದ ಒಂದು ಆಂಪಿಯರ್ ಫ್ಯೂಸ್ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಅದನ್ನೂ ನಾನೇ ಹಾಕಿಕೊಂಡಿದ್ದೇನೆ, ಕ್ಲಚ್ ಪೆಡಲಿನ ಮೇಲ್ಗಡೆ, ಕೂತಲ್ಲಿಂದಲೇ ಕೈಗೆ ಸಿಗುವ ಜಾಗದಲ್ಲಿ.

ಮೂರೂ ಮೀಟರ್ ಒಟ್ಟಿಗೆ ಹುಚ್ಚಾಟ ಆಡುತ್ತಿರುವವರು, ಅಥವಾ ಬೇರೆ ಯಾವುದೋ ಕೆಲಸಕ್ಕೆ ಹೇಗೂ ಬೋರ್ಡ್ ಹೊರತೆಗೆಯುತ್ತಿರುವವರು ಇದನ್ನು ಕೊಳ್ಳಬಹುದು. ಪೆಟ್ರೋಲ್ ಮೀಟರ್ ಒಂದೇ ಕೆಟ್ಟಿದ್ದು ಉಳಿದೆರಡು ಸರಿಯಿದ್ದರೆ ಕೊಳ್ಳಬೇಡಿ. ನಿಮ್ಮ ತೊಂದರೆ ಟ್ಯಾಂಕಿನ ಸೆಂಡರ್‌ನಲ್ಲೋ ಅದರ ತಂತಿಯಲ್ಲೋ ಆ ಮೀಟರ್‌ನಲ್ಲೋ ಇದೆ. ಗಾಡಿಯನ್ನು ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಳ್ಳಬೇಕೆನ್ನುವವರಿಗೆ ಪಾಯಿಂಟ್ ಇರುವ 15 ಡಾಲರಿನ ಡಬ್ಬಿಯೂ ಸಾಲುತ್ತದೆ. ಅರ್ಥ್ ಸರಿಪಡಿಸಿದ ಮೇಲೆ ಕುತೂಹಲಕ್ಕೆಂದು ಅದನ್ನು ಮೇಜಿನ ಮೇಲೆ ಒಂದು ದಿನ ಪೂರ್ತಿ ಓಡಿಸಿ ನೋಡಿದೆ, ಒಮ್ಮೆಯೂ ತಪ್ಪಲಿಲ್ಲ. ಈಗ ಅದು ಗ್ಲೋವ್ ಬಾಕ್ಸಿನಲ್ಲಿ ಸ್ಪೇರ್ ಆಗಿ ಕೂತಿದೆ.